ಸೀಸೆಯೊಳಗಿನ ಸೆಕ್ರೆಟರಿ

ನಮ್ಮ ಕಟ್ಟಡದ ಸೆಕ್ರೆಟರಿಯವರನ್ನು ನಾನು ಸೀಸೆಗೆ ಹಾಕಿದ್ದು ಒಂದು ಮಂಗಳವಾರ, ಬೆಳಗ್ಗೆ ಏಳು ಗಂಟೆಗೆ. ಪಿಟೀಲು ಮೇಡಂ ಆಗಲೇ ಒಳಗಿದ್ದರು. ಸೀಸೆಯ ಬಾಯಿಗೆ ಹತ್ತಿ ತುರುಕಿ, ಕಿಟಕಿಯ ಎಳೆಬಿಸಿಲಿಗೆ ಹಿಡಿದು ನೋಡಿದೆ. ಮೇಡಂ ಒಂದು ಕಡೆ, ಸೆಕ್ರೆಟರಿ ಇನ್ನೊಂದು ಕಡೆ, ಇಬ್ಬರೂ ಗಾಜಿಗೆ ಅಂಟಿಕೊಂಡು ಮುಂಗಾಲಿನಿಂದ ಮುಖ ತೊಳೆದುಕೊಳ್ಳುತ್ತಿದ್ದರು.

ಗಾಬರಿಯಾಗಬೇಡಿ. ಇಬ್ಬರೂ ನೊಣಗಳು.

ನಾನು ಓದುತ್ತಿರುವ ಪದವಿಯಲ್ಲಿ ಜೆನೆಟಿಕ್ಸ್ ಅಂತ ಒಂದು ಕೋರ್ಸಿದೆ. ಉಳಿದ ಕೋರ್ಸುಗಳು ನೆಂಟರ ಹಾಗೆ, ಬರುತ್ತವೆ, ಎರಡು ದಿನ ಕಾಟ ಕೊಡುತ್ತವೆ, ಹೋಗುತ್ತವೆ. ಇದು ಮಾತ್ರ ಬಂದು ಹಾಸಿಗೆ ಬಿಚ್ಚಿ ಮಲಗಿಬಿಟ್ಟಿತ್ತು. ನಾನು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೊದಲ ಸಲ ಪರೀಕ್ಷೆಯ ಕೋಣೆಯಲ್ಲಿ ಕಿಟಕಿಯಾಚೆ ಒಂದು ಮೋಡ ನಿಧಾನವಾಗಿ ಕುರಿಯಿಂದ ಹಡಗಾಗುವುದನ್ನು ನೋಡುತ್ತ ನಲವತ್ತು ನಿಮಿಷ ಕಳೆದಿದ್ದೆ. ಅಂದಿನಿಂದ ತರಗತಿಯಲ್ಲಿ ನನ್ನ ಹೆಸರೇ ಮೋಡ. ಎರಡನೇ ಸಲ ಮೂರನೇ ನಂಬರಿನ ಸೀಸೆಯನ್ನೂ ನಾಲ್ಕನೇ ನಂಬರಿನ ಸೀಸೆಯನ್ನೂ ಅದಲುಬದಲು ಮಾಡಿ, ಮೊಟಕು ರೆಕ್ಕೆಯ ಅಪ್ಪ ಅಮ್ಮನಿಗೆ ಉದ್ದ ರೆಕ್ಕೆಯ ಮಕ್ಕಳನ್ನು ಹುಟ್ಟಿಸಿದ್ದೆ.

"ಇದು ಪ್ರಯೋಗ ಅಲ್ಲ, ಪವಾಡ," ಅಂದಿದ್ದರು ನಮ್ಮ ಜೆನೆಟಿಕ್ಸ್ ಮೇಡಂ. "ಪವಾಡಕ್ಕೆ ನಮ್ಮಲ್ಲಿ ಮಾರ್ಕ್ಸ್ ಇಲ್ಲ."

ಈ ಮೇಡಂಗೆ ನಾವಿಟ್ಟ ಹೆಸರು ಮೂರು-ಒಂದು ಮೇಡಂ. ಯಾವ ಪಾಠ ಶುರುಮಾಡಿದರೂ ಕೊನೆಗೆ ಬೋರ್ಡಿನ ಮೇಲೆ ಮೂರಕ್ಕೆ ಒಂದು ಅಂತ ಬರೆದು ಸೀಮೆಸುಣ್ಣ ಕೆಳಗಿಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವರು ನಕ್ಕಿದ್ದನ್ನು ನೋಡಿದವರಿಲ್ಲ ಅಂತ ಪ್ರತೀತಿ. ಅವರ ಕೋಣೆಯ ಕಿಟಕಿಗೆ ಒಂದು ದಪ್ಪ ಪರದೆ, ಅದು ಸರಿದದ್ದನ್ನು ನೋಡಿದವರೂ ಇಲ್ಲ.

ವಿಶ್ವವಿದ್ಯಾಲಯದ ನಿಯಮದಲ್ಲಿ ಒಂದು ಕೋರ್ಸಿಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಪದವಿ ಹೋಯಿತು, ಮನೆಗೆ ಹೋಗಿ ಮೋಡ ನೋಡಬಹುದು. ಈ ಸಲ ಬರಹದ ಪರೀಕ್ಷೆಯನ್ನು ಕೂದಲೆಳೆಯಲ್ಲಿ ದಾಟಿದ್ದೆ. ಉಳಿದದ್ದು ಪ್ರಯೋಗ ಮಾತ್ರ. ಅಷ್ಟರಲ್ಲಿ ಪ್ರಯೋಗಶಾಲೆಯಲ್ಲಿ ನೊಣಗಳನ್ನು ಇಪ್ಪತ್ತೈದು ಡಿಗ್ರಿಯಲ್ಲಿ ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟಿತು.

"ಎಲ್ಲರೂ ನೊಣಗಳನ್ನ ಮನೆಗೆ ತಗೊಂಡು ಹೋಗಿ," ಅಂದರು ಮೇಡಂ. "ಉದ್ದ ರೆಕ್ಕೆಯ ಹೆಣ್ಣು, ಮೊಟಕು ರೆಕ್ಕೆಯ ಗಂಡು. ಮಕ್ಕಳು, ಆಮೇಲೆ ಮೊಮ್ಮಕ್ಕಳು. ಐದು ವಾರ. ಕೊನೆಗೆ ಇನ್ನೂರು ಮೊಮ್ಮಕ್ಕಳ ಲೆಕ್ಕ ಬೇಕು. ನೂರ ತೊಂಬತ್ತೊಂಬತ್ತು ತಂದವರು ತರಬೇಕಾಗೇ ಇಲ್ಲ. ಮತ್ತೆ, ಕಚ್ಚಾ ಪುಸ್ತಕಾನೇ ಬೇಕು."

ಕಚ್ಚಾ ಪುಸ್ತಕ ಅನ್ನುವುದು ಮೇಡಂ ಅವರ ಕಟ್ಟಪ್ಪಣೆ. ನಡೆದದ್ದನ್ನು ನಡೆದಾಗಲೇ ಶಾಯಿಯಲ್ಲಿ ಬರೆಯಬೇಕು. ಅಳಿಸಬಾರದು, ಆಮೇಲೆ ಚೆಂದ ಮಾಡಿ ನಕಲು ಮಾಡಬಾರದು, ಮುಖ್ಯವಾಗಿ ಫೋನಿನಲ್ಲಿ ಬರೆಯಬಾರದು. "ಕೈಯಲ್ಲಿ ನೊಣ ಇರುವಾಗ ಬರೆದದ್ದು ಸತ್ಯ. ಕೈ ತೊಳ್ಕೊಂಡು ಬಂದು ಬರೆದದ್ದು ಕಥೆ," ಅನ್ನುತ್ತಿದ್ದರು. ಹೆಸರು ನೋಡಿ ಮಾರ್ಕ್ಸ್ ಹಾಕಿದರು ಅಂತ ಯಾರೂ ಅನ್ನಬಾರದೆಂದು ಹೊದಿಕೆಯ ಮೇಲೆ ಹೆಸರೂ ಇರುವಂತಿಲ್ಲ, ರೋಲ್ ನಂಬರ್ ಒಂದೇ. ನನ್ನದು ಮೂವತ್ತೇಳು.

ಅಂಗಡಿಯ ಚೀಟಿಯಿಂದ ಹಿಡಿದು ಕನಸಿನವರೆಗೆ ಎಲ್ಲವನ್ನೂ ಹೆಬ್ಬೆರಳಲ್ಲಿ ಫೋನಿಗೆ ಬರೆಯುವವಳು ನಾನು. ಪೆನ್ನು ಹಿಡಿದರೆ ಕೈ ಯಾರದೋ ಅನ್ನಿಸುತ್ತದೆ. ಆದರೂ ಹಿಡಿದೆ. ನಂಬರುಗಳು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ ಅಂತ ಕಳೆದ ಸಲವೇ ಸಾಬೀತಾಗಿತ್ತಲ್ಲ, ಅದಕ್ಕೆ ಈ ಸಲ ಸೀಸೆಗಳಿಗೆ ನಂಬರು ಹಾಕಲಿಲ್ಲ. ನೊಣಗಳಿಗೆ ಕಟ್ಟಡದವರ ಹೆಸರಿಟ್ಟೆ. ಜನ ಅದಲುಬದಲಾಗುವುದಿಲ್ಲ.

ಗುಂಯ್ ಅಂತ ಸದಾ ಶ್ರುತಿ ಹಿಡಿದಿದ್ದ ಹೆಣ್ಣು ನೊಣ ಪಿಟೀಲು ಮೇಡಂ. ನಿಜವಾದ ಪಿಟೀಲು ಮೇಡಂ ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮೊಟಕು ರೆಕ್ಕೆಯದು ಸೆಕ್ರೆಟರಿ. ನಿಜವಾದ ಸೆಕ್ರೆಟರಿ ಐವತ್ತು ದಾಟಿದ ಬ್ರಹ್ಮಚಾರಿ. ಅವರ ಕೋಟಿನ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೇ ನಿಂತುಬಿಡುತ್ತಿತ್ತು. ಎರಡನೇ ಸೀಸೆಯಲ್ಲಿ ಪಕ್ಕದ ಮನೆಯ ಡೆಂಟಿಸ್ಟ್ ಆಂಟಿ ಮತ್ತು ಕೆಳಮಹಡಿಯ ನಿವೃತ್ತ ಜಡ್ಜ್ ತಾತ. ಎರಡೂ ಸೀಸೆಯ ತಳದಲ್ಲಿ ಅವರ ಊಟ, ರವೆ ಬೆಲ್ಲದ ಅಂಟುಗಂಜಿ. ಬದಲಿಗೆ ಇರಲೆಂದು ಕೊಟ್ಟಿದ್ದ ಗಂಡುಗಳನ್ನು ಬೇರೆ ಇಟ್ಟ ಮೇಲೂ ಹೆಣ್ಣೊಂದು ಹೆಚ್ಚಾಗಿ ಉಳಿಯಿತು. ಅದನ್ನು ಒಂದು ಪುಟ್ಟ ನಳಿಕೆಯಲ್ಲಿ ಒಂಟಿಯಾಗಿಟ್ಟು, ಅದಕ್ಕೂ ಏನೋ ಒಂದು ಹೆಸರು ಕೊಟ್ಟು, ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ. ಆಗೊಮ್ಮೆ ಈಗೊಮ್ಮೆ ಅಲ್ಲೇ ಒಂದು ಸಾಲು ಸೇರಿಸುತ್ತಿದ್ದೆ.

ಹಿರಿಯರ ವಿಷಯಕ್ಕೆ ಬಂದರೆ ನಮ್ಮ ಅಜ್ಜಿ ಬಲು ಕಟ್ಟುನಿಟ್ಟು. ನೊಣಕ್ಕಿಟ್ಟರೂ ಹೆಸರು ಹಿರಿಯರದೇ ಅಲ್ಲವೇ? ಹಾಗಾಗಿ ಪುಸ್ತಕದಲ್ಲೆಲ್ಲ ಬಹುವಚನ. "ಸೆಕ್ರೆಟರಿ ಬಂದರು, ಸೆಕ್ರೆಟರಿ ಜಾರಿ ಬಿದ್ದರು, ಸೆಕ್ರೆಟರಿ ಎದ್ದರು."

ಆ ವಾರಗಳು ಈಗಲೂ ನನಗೆ ಕನಸಿನ ಹಾಗೆ ನೆನಪಿವೆ. ಬೆಳಗ್ಗೆ ಹತ್ತಿಗೆ ಎರಡು ಹನಿ ಈಥರ್ ಹಾಕಿ ನೊಣಗಳನ್ನು ಮಲಗಿಸಬೇಕು. ಬಿಳಿ ತಟ್ಟೆಯ ಮೇಲೆ ಸುರಿದು, ಚಿತ್ರ ಬಿಡಿಸುವ ಕುಂಚದಿಂದ ಒಂದೊಂದನ್ನೇ ಈಚೆಗೆ, ಆಚೆಗೆ ಸರಿಸಬೇಕು. ಸಿಹಿಸಿಹಿ ವಾಸನೆ ಕೋಣೆಯಲ್ಲಿ ತೇಲುತ್ತಿತ್ತು. ಭೂತಗನ್ನಡಿಯೊಳಗೆ ರೆಕ್ಕೆಗಳು ಮಳೆಬಿಲ್ಲಿನ ಸಿಪ್ಪೆಯ ಹಾಗೆ ಹೊಳೆಯುತ್ತಿದ್ದವು. ಮೇಲಿನ ಮನೆಯಿಂದ ಪಿಟೀಲು, ಕೆಳಗೆ ತಟ್ಟೆಯ ಮೇಲೆ ಮಲಗಿದ ಪಿಟೀಲು ಮೇಡಂ. ನೊಣಗಳು ಏಳುವ ಹೊತ್ತಿಗೆ ನಾನು ತೂಕಡಿಸುತ್ತಿದ್ದೆ. ಅಜ್ಜಿಯಂತೂ, "ಪುಟ್ಟೀ, ನೀನು ಓದೋಕೆ ಕೂತ್ರೆ ನಂಗೆ ಒಳ್ಳೇ ನಿದ್ದೆ ಬರತ್ತೆ ಕಣೇ," ಅನ್ನುತ್ತಿದ್ದರು.

ಇಷ್ಟಕ್ಕೇ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ದಿನ ಲಿಫ್ಟಿನಲ್ಲಿ ಸೆಕ್ರೆಟರಿ, "ಏನಮ್ಮ, ಇತ್ತೀಚೆಗೆ ಕಾಲೇಜಿಗೆ ಹೋಗ್ತಿಲ್ವಾ?" ಅಂತ ಕೇಳಿದರು. ಎರಡು ಸಲ ಫೇಲಾದವಳು ಏನು ಹೇಳಬೇಕು? "ಮನೆಯಿಂದಾನೇ ಸಂಶೋಧನೆ ಮಾಡ್ತಿದ್ದೀನಿ ಸರ್," ಅಂದುಬಿಟ್ಟೆ. ಲಿಫ್ಟ್ ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ನಾನು ಕಟ್ಟಡದ ವಿಜ್ಞಾನಿಯಾಗಿದ್ದೆ. ಡೆಂಟಿಸ್ಟ್ ಆಂಟಿ ಅಂತೂ ಎದುರಿಗೆ ಸಿಕ್ಕಾಗೆಲ್ಲ, "ನಮ್ಮ ಸೈಂಟಿಸ್ಟು!" ಅಂತ ಗಲ್ಲ ಹಿಂಡಿ, ಹಾಗೇ ಬಾಯಿ ತೆರೆಸಿ ದವಡೆಹಲ್ಲನ್ನೂ ಒಮ್ಮೆ ನೋಡಿಬಿಡುತ್ತಿದ್ದರು.

ಮೂರನೇ ವಾರ ಅಜ್ಜಿ ಒಂದು ಸೀಸೆಯ ಹತ್ತಿ ತೆಗೆದರು.

"ಅಜ್ಜೀ! ಯಾಕ್ ತೆಗ್ದಿದ್ದು?"

"ಉಸಿರು ಕಟ್ಟಿ ಒದ್ದಾಡ್ತಿದ್ವು ಕಣೇ, ಪಾಪ. ಒಂದ್ ಸ್ವಲ್ಪ ಗಾಳಿ ಆಡ್ಲಿ ಅಂತ."

ಗಾಳಿ ಆಡಿತು. ಗಾಳಿಯ ಜೊತೆ ನಲವತ್ತು ನೊಣಗಳೂ ಆಡಿದವು. ವಾರದೊಳಗೆ ಕಟ್ಟಡದ ಪ್ರತಿ ಅಡುಗೆಮನೆಯಲ್ಲೂ ಎಳ್ಳುಕಾಳಿನಷ್ಟು ನೊಣಗಳು ಸಂಸಾರ ಹೂಡಿದವು. ಸೆಕ್ರೆಟರಿ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ನೋಟೀಸು ಅಂಟಿಸಿದರು. ಆಮೇಲೆ ಪ್ರತಿ ಸಂಜೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮನೆಮನೆಯ ಕಸದ ಬುಟ್ಟಿ ತನಿಖೆಗೆ ಇಳಿದರು. ತನಿಖೆಗೆ ವೈಜ್ಞಾನಿಕ ಸಲಹೆಗಾರ್ತಿಯಾಗಿ ಅವರು ಆರಿಸಿಕೊಂಡದ್ದು, ಹೌದು, ನನ್ನನ್ನೇ.

"ನೋಡಮ್ಮ," ಎಂದು ಒಂದು ಸತ್ತ ನೊಣವನ್ನು ಕಾಗದದಲ್ಲಿ ಸುತ್ತಿ ತಂದರು. "ಇದು ಎಲ್ಲಿಂದ ಬಂದದ್ದು? ವೈಜ್ಞಾನಿಕವಾಗಿ ಹೇಳ್ಬೇಕು."

ಅದು ನನ್ನ ಮೇಜಿನಿಂದ ಬಂದದ್ದು. ಅವರದೇ ಹೆಸರಿನವರ ಮಗ. ನಾನು ಭೂತಗನ್ನಡಿ ಹಿಡಿದು ಹುಬ್ಬು ಗಂಟಿಕ್ಕಿ, "ಇವು ಹಣ್ಣಿನ ನೊಣಗಳು ಸರ್," ಅಂದೆ. ನಿಜವನ್ನೇ ಹೇಳಿದೆ, ಅರ್ಧ.

ಆ ಅರ್ಧ ನಿಜ ನೇರವಾಗಿ ಮೂವತ್ತೇಳನೇ ಮನೆಯ ಬಾಗಿಲಿಗೆ ಹೋಯಿತು. ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ತಿನ್ನುವವರು ಅಲ್ಲಿನ ಪಿಟೀಲು ಮೇಡಂ. ಮೊದಲ ನೋಟೀಸಿನಲ್ಲಿ ಹಣ್ಣು ಮುಚ್ಚಿಡಿ ಅಂತಿತ್ತು, ಎರಡನೆಯದರಲ್ಲಿ ಕಡಿಮೆ ಮಾಡಿ ಅಂತ, ಮೂರನೆಯದರಲ್ಲಿ ತರಲೇಬೇಡಿ ಅಂತ. ಮೇಡಂ ಬುಟ್ಟಿ ಖಾಲಿ ಮಾಡಿದರು. ಬೆಳಗಿನ ಪಿಟೀಲು ಆಮೇಲೆ ಸ್ವಲ್ಪ ಮೆಲ್ಲಗಾಯಿತು. ನನ್ನ ಎದೆಯಲ್ಲಿ ಏನೋ ಚುಚ್ಚಿತು, ಆದರೆ ಅಷ್ಟರಲ್ಲಿ ಮೊಮ್ಮಕ್ಕಳು ಹುಟ್ಟತೊಡಗಿದ್ದರಿಂದ ಚುಚ್ಚಿದ್ದನ್ನು ಬದಿಗಿಟ್ಟು ಎಣಿಸಲು ಕೂತೆ.

ಶುಕ್ರವಾರದ ಹೊತ್ತಿಗೆ ನೂರ ಅರವತ್ತು ಎಣಿಸಿದ್ದೆ. ಇನ್ನು ನಲವತ್ತು ಸಿಕ್ಕಿದರೆ ಸೋಮವಾರ ಒಪ್ಪಿಸುವುದಷ್ಟೇ. ಆ ಖುಷಿಯಲ್ಲಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೋದವಳು, ವಾಪಸು ಬರುವಾಗ ಟಪಾಲು ಡಬ್ಬಿಗಳ ಮುಂದೆ ನಿಂತು ಫೋನಿನಲ್ಲಿ ಏನನ್ನೋ ಬರೆದೆ. ಏನು ಬರೆದೆ ಅಂತ ಈಗ ನೋಡಿದೆ. "ನೊಣಗಳಿಗೆ ಕನಸು ಬೀಳತ್ತಾ?" ಅಂತಿದೆ. ಬರೆಯಲು ಎರಡು ಕೈ ಬೇಕೆಂದು ಪುಸ್ತಕವನ್ನು ಡಬ್ಬಿಯ ಮೇಲಿಟ್ಟೆ. ಮೇಲೆ ಬಂದದ್ದು ನಾನು ಮತ್ತು ಫೋನು.

ನೆನಪಾಗಿ ಓಡಿಹೋದಾಗ ಡಬ್ಬಿಯ ಮೇಲೆ ಏನೂ ಇರಲಿಲ್ಲ. ಸಂಜೆ ಗಾಜಿನ ಪೆಟ್ಟಿಗೆಯಲ್ಲಿ ಹೊಸ ನೋಟೀಸು ಬಂತು:

"ಒಂದು ಪುಸ್ತಕ ಸಿಕ್ಕಿದೆ. ಬರೆದವರು ನಾಚಿಕೆಯಿದ್ದರೆ ಬಂದು ಕಾಣಬೇಕಾಗಿ ವಿನಂತಿ."

ನಾಚಿಕೆ ಇತ್ತು. ಅದಕ್ಕೇ ಹೋಗಿ ಸೆಕ್ರೆಟರಿಯವರ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಮನುಷ್ಯ ಎಂದಿನ ಸೆಕ್ರೆಟರಿಯಲ್ಲ. ತಲೆ ಬಾಚಿಕೊಂಡಿದ್ದರು. ಕಣ್ಣು ಎಲ್ಲೋ ದೂರದಲ್ಲಿತ್ತು.

"ಒಳ್ಳೇ ಹೊತ್ತಿಗೆ ಬಂದೆ ಅಮ್ಮ. ನೀನು ಸೈಂಟಿಸ್ಟು, ನಿನ್ನ ಹತ್ರ ಕೇಳಿದ್ರೆ ತಪ್ಪಿಲ್ಲ." ಧ್ವನಿ ತಗ್ಗಿಸಿದರು. "ಒಬ್ಬ ಮನುಷ್ಯನಿಗೆ ನೂರ ಹದಿನೇಳು ಮಕ್ಕಳು ಆಗಬಹುದಾ?"

"ಇಪ್ಪತ್ತೈದು ಡಿಗ್ರಿ ಇದ್ರೆ ಆಗತ್ತೆ ಸರ್," ಅಂದುಬಿಟ್ಟೆ, ಗಾಬರಿಯಲ್ಲಿ.

ಅವರು ಗೋಡೆಯ ಕಡೆ ನೋಡಿ ಮನಸ್ಸಿನಲ್ಲೇ ಡಿಗ್ರಿ ಲೆಕ್ಕ ಹಾಕಿದ ಹಾಗಿತ್ತು. "ಸುಮ್ನೆ ಕೇಳ್ದೆ," ಅಂದರು. "ಆ ಪುಸ್ತಕ ಜಡ್ಜ್ ಸಾಹೇಬ್ರ ಹತ್ರ ಕೊಟ್ಟಿದ್ದೀನಿ. ಭಾನುವಾರ ಬೆಳಗ್ಗೆ ಮೀಟಿಂಗು. ಬರೆದವರು ಯಾರು ಅಂತ ಗೊತ್ತಾಗಿದೆ. ಹೊದಿಕೆ ಮೇಲೆ ಮನೆ ನಂಬರ್ರೇ ಇದೆಯಲ್ಲ! ಮೂವತ್ತೇಳು!"

ನಂದೇ ಅಂತ ಹೇಳಲು ಹೋಗಿದ್ದವಳು, "ಹೌದಾ ಸರ್," ಅಂದು ವಾಪಸು ಬಂದೆ.

ಮನೆಗೆ ಬಂದು ಅಜ್ಜಿಗೆ ನಡೆದದ್ದನ್ನು ಹೇಳಿದೆ. ಅಜ್ಜಿ ಬೀನ್ಸ್ ನಾರು ತೆಗೆಯುತ್ತಿದ್ದರು.

"ಹೋಗಿ ನಂದೇ ಅಂತ ಹೇಳು."

"ಹೇಳಿದ್ರೆ ನೊಣ ಸಾಕಿದ್ದೂ ನಾನೇ ಅಂತ ಗೊತ್ತಾಗತ್ತೆ. ಸಲಹೆಗಾರ್ತಿ ಬೇರೆ ಅಜ್ಜಿ ನಾನು!"

"ಹೇಳ್ದೆ ಇದ್ರೆ?"

"ಪುಸ್ತಕ ಹೋಗತ್ತೆ. ಫೇಲು. ಪದವೀನೂ ಹೋಗತ್ತೆ."

ಅಜ್ಜಿ ಒಂದು ಬೀನ್ಸನ್ನು ಟಪ್ಪೆಂದು ಮುರಿದರು. "ಎರಡು ಕಡೆನೂ ಏಟು ನಿಂಗೇ. ಮಧ್ಯದಲ್ಲಿ ಆ ಪಿಟೀಲಿನವಳು ಯಾಕೆ ತಿನ್ಬೇಕು?"

ಅಜ್ಜಿಯ ಪ್ರಶ್ನೆಯನ್ನು ಫೋನಿನಲ್ಲಿ ಬರೆದು, ಅಳಿಸಿದೆ.

ಭಾನುವಾರ ಬೆಳಗ್ಗೆ, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಕಟ್ಟಡದ ಮಂದಿಯೆಲ್ಲ ಹಾಜರ್. ಜಡ್ಜ್ ತಾತ ಮುಂದಿನ ಮೇಜಿನ ಹಿಂದೆ ಕೂತಿದ್ದರು. ನಿವೃತ್ತರಾಗಿ ಹನ್ನೊಂದು ವರ್ಷದ ಮೇಲೆ ಕೈಗೊಂದು ಪ್ರಕರಣ ಸಿಕ್ಕಿತ್ತು. ಮುಖದಲ್ಲಿ ವಯಸ್ಸು ಹತ್ತು ವರ್ಷ ಇಳಿದಿತ್ತು. ಪಿಟೀಲು ಮೇಡಂ ಎರಡನೇ ಸಾಲಿನ ತುದಿಯಲ್ಲಿ ಕೈ ಕಟ್ಟಿ ಕೂತಿದ್ದರು. ಎಲ್ಲರ ತಲೆಯ ಮೇಲೂ ನನ್ನ ಐದಾರು ನೊಣಗಳು ಬಿಸಿಲಿನಲ್ಲಿ ತೇಲುತ್ತಿದ್ದವು, ತಮ್ಮ ಬಗ್ಗೆಯೇ ಸಭೆ ಅಂತ ಗೊತ್ತಿದ್ದ ಹಾಗೆ.

"ಇದು ಕಾದಂಬರಿ," ಅಂದರು ಜಡ್ಜ್ ತಾತ, ಪುಸ್ತಕವನ್ನು ಎತ್ತಿ ತೋರಿಸಿ. "ನಮ್ಮ ಕಟ್ಟಡದ ಮರ್ಯಾದಸ್ಥರ ಬಗ್ಗೆ ಬರೆದಿರುವ ಅಶ್ಲೀಲ ಕಾದಂಬರಿ. ನಾನು ಹತ್ತು ಪುಟ ಮಾತ್ರ ಓದಿದ್ದೀನಿ. ಅಷ್ಟಕ್ಕೇ ನನ್ನ ಬಿಪಿ ಏರಿತು. ಮಕ್ಕಳನ್ನ ಒಳಗೆ ಕಳಿಸಿ."

ಮಕ್ಕಳನ್ನು ಒಳಗೆ ಕಳಿಸಿದರು. ದೊಡ್ಡವರು ಕುರ್ಚಿ ಮುಂದಕ್ಕೆಳೆದುಕೊಂಡರು.

"ಮೊದಲನೇ ದಿನ," ಜಡ್ಜ್ ತಾತ ಓದಿದರು. "'ಬೆಳಗ್ಗೆ ಏಳಕ್ಕೆ ಸೆಕ್ರೆಟರಿಯನ್ನು ಪಿಟೀಲು ಮೇಡಂ ಜೊತೆ ಬಿಟ್ಟೆ. ಮೊದಲು ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ಹತ್ತು ನಿಮಿಷದ ಮೇಲೆ ಸೆಕ್ರೆಟರಿ ಅವರ ಸುತ್ತ ಸುತ್ತಿ ಕೈ ನಡುಗಿಸಿ ಹಾಡಿದರು.'"

ಎಲ್ಲರೂ ಸೆಕ್ರೆಟರಿಯವರನ್ನು ನೋಡಿದರು. ಸೆಕ್ರೆಟರಿ ತಮ್ಮ ಕೈಯನ್ನು ನೋಡಿಕೊಂಡರು.

"'ಹದಿಮೂರನೇ ದಿನ. ನೂರ ಹದಿನೇಳು ಮಕ್ಕಳು. ಎಲ್ಲರೂ ಅಮ್ಮನ ಹೋಲಿಕೆ. ಸದ್ಯ, ಅಪ್ಪನ ಹಾಗೆ ಒಬ್ಬರೂ ಇಲ್ಲ.'"

"ಸದ್ಯ ಅಂದ್ರೆ ಏನು?" ಅಂದರು ಸೆಕ್ರೆಟರಿ, ನೊಂದ ದನಿಯಲ್ಲಿ.

"ಶಾಂತಿ, ಶಾಂತಿ. 'ಹದಿನೆಂಟನೇ ದಿನ. ಅಜ್ಜಿ ಬಾಗಿಲು ತೆಗೆದರು. ಮಕ್ಕಳು ಕಟ್ಟಡ ಸುತ್ತಲು ಹೋದರು.' ಈ ಅಜ್ಜಿ ಯಾರೋ ತಿಳೀಲಿಲ್ಲ." ಹಿಂದಿನ ಸಾಲಿನಲ್ಲಿ ನಮ್ಮ ಅಜ್ಜಿ ಕೆಮ್ಮಿದರು. ಜಡ್ಜ್ ತಾತ ಹಾಳೆ ತಿರುಗಿಸಿದರು. "ಇಲ್ಲಿಂದ ಮುಂದೆ ನಾನೂ ಈಗಲೇ ಓದ್ತಿರೋದು. 'ಎರಡನೇ ಜೋಡಿ. ಡೆಂಟಿಸ್ಟ್ ಆಂಟಿ ಆರೋಗ್ಯವಾಗಿದ್ದಾರೆ. ಜಡ್ಜ್ ತಾತ...'"

ನಿಂತರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"'ಜಡ್ಜ್ ತಾತ ಊಟದಲ್ಲಿ ತಲೆಕೆಳಗಾಗಿ ಅಂಟಿಕೊಂಡು ತೀರಿಕೊಂಡರು. ಕುಂಚದಿಂದ ತೆಗೆದು ಎಸೆದೆ. ಆಂಟಿಗೆ ಇನ್ನೊಬ್ಬ ಜಡ್ಜ್ ತಾತನನ್ನು ಹಾಕಿದೆ.'"

ಅಲ್ಲಿ ಒಂದು ಮೌನ ಬಿತ್ತು ನೋಡಿ, ನೊಣದ ರೆಕ್ಕೆಯ ಸದ್ದು ಕೇಳಿಸುವಂಥದು. ಸದ್ದು ಕೇಳಿಸಿತು ಕೂಡ.

"ಇದು ಕೊಲೆ ಬೆದರಿಕೆ," ಅಂದರು ಜಡ್ಜ್ ತಾತ, ಬಹಳ ಮೆಲ್ಲಗೆ. "ಪುಸ್ತಕ ಇವತ್ತೇ ಪೊಲೀಸ್ ಸ್ಟೇಷನ್ನಿಗೆ ಹೋಗತ್ತೆ. ಮೂವತ್ತೇಳನೇ ಮನೆಯವರು ಏನು ಹೇಳ್ತೀರಿ?"

ಪಿಟೀಲು ಮೇಡಂ ಎದ್ದು ನಿಂತರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅದು ನನ್ನ ಅಕ್ಷರ ಅಲ್ಲ. ನೊಣ ಬಂತು, ಹಣ್ಣು ತಿನ್ನಬೇಡಿ ಅಂದ್ರಿ. ಬಿಟ್ಟೆ. ಈಗ ನಾನು ಬರೆಯದೇ ಇರೋ ಕಾದಂಬರಿಗೂ ನಾನೇ ಜವಾಬ್ದಾರಿ ಅಂದ್ರೆ, ಸರಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ. ಒಬ್ಬಳೇ ಇರೋಳಿಗೆ ಎಲ್ಲಿದ್ರೇನು."

ಅವರು ಕುರ್ಚಿ ಬಿಟ್ಟು ಮೆಟ್ಟಿಲ ಕಡೆ ತಿರುಗಿದರು. ನನಗೆ ಮುಂದಿನ ತಿಂಗಳಿಂದ ಬೆಳಗ್ಗೆ ಪಿಟೀಲು ಇಲ್ಲದ ನಮ್ಮ ಮನೆ ಕಣ್ಣಿಗೆ ಕಟ್ಟಿತು. ಪದವಿ, ಮೂರು-ಒಂದು ಮೇಡಂ, ಮೂರನೇ ಅವಕಾಶ ಎಲ್ಲ ಎಲ್ಲಿಗೋ ತೇಲಿಹೋಯಿತು. ನಾನು ಎದ್ದು ನಿಂತಿದ್ದೆ. ಹೇಳಬೇಕಾದ್ದನ್ನು ಕ್ರಮವಾಗಿ ಹೇಳಬೇಕೆಂದಿದ್ದವಳು, ಮೊದಲು ಬಾಯಿಗೆ ಬಂದದ್ದನ್ನೇ ಹೇಳಿದೆ:

"ಜಡ್ಜ್ ತಾತನ್ನ ಕೊಂದಿದ್ದು ನಾನು!"

ಎಲ್ಲ ತಲೆಗಳೂ ತಿರುಗಿದವು. ಜಡ್ಜ್ ತಾತ ಎದೆ ಮುಟ್ಟಿಕೊಂಡು ತಾವಿನ್ನೂ ಇದ್ದೇವೆಯೇ ಎಂದು ನೋಡಿಕೊಂಡರು.

ಆಮೇಲೆ ಎಲ್ಲ ಹೇಳಿದೆ. ಸೀಸೆ, ರೆಕ್ಕೆ, ರೋಲ್ ನಂಬರ್, ಹತ್ತಿ, ಅರ್ಧ ನಿಜ. "ಕಟ್ಟಡದಲ್ಲಿರೋ ನೊಣ ಎಲ್ಲ ನನ್ನವು. ಮೇಡಂದು ಏನೂ ತಪ್ಪಿಲ್ಲ." ಹೇಳುತ್ತ ಹೇಳುತ್ತ ಅಳುವೂ ಬಂತು, ಅದರ ಮಧ್ಯೆ ಒಂದು ನೊಣ ಬಾಯಿಗೂ ಹೋಯಿತು.

"ಪುರಾವೆ?" ಅಂದರು ಜಡ್ಜ್ ತಾತ. ಅಭ್ಯಾಸಬಲ.

ಪುರಾವೆಯನ್ನು ಅಜ್ಜಿ ಆಗಲೇ ತರಲು ಹೋಗಿದ್ದರು. ಟ್ರೇಯಲ್ಲಿ ಸೀಸೆಗಳು, ಬಿಳಿ ತಟ್ಟೆ, ಕುಂಚ, ಭೂತಗನ್ನಡಿ ಎಲ್ಲವನ್ನೂ ಲೋಟಗಳನ್ನು ತಂದಿಟ್ಟ ಹಾಗೆ ಮೇಜಿನ ಮೇಲಿಟ್ಟರು. "ತಗೊಳ್ಳಿ. ಸೆಕ್ರೆಟರಿ ಇಲ್ಲಿ. ಜಡ್ಜು ಅಲ್ಲಿ."

ಆಗ ಬಂತು ನೋಡಿ ಬೈಗುಳ. ಎರಡು ವಾರದಿಂದ ಮುಚ್ಚಿಟ್ಟ ಹಾಲು, ಎಸೆದ ಸಕ್ಕರೆ, ಮೂಗಿಗೆ ಕಟ್ಟಿದ ಕರವಸ್ತ್ರ, ಎಲ್ಲದರ ಸಿಟ್ಟೂ ಒಟ್ಟಿಗೆ ಬಿತ್ತು. "ವಿಜ್ಞಾನಿಯಂತೆ ವಿಜ್ಞಾನಿ!" "ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು!" ನಾನು ತಲೆ ತಗ್ಗಿಸಿ ನಿಂತೆ. ಸುಮಾರು ಐದು ನಿಮಿಷ. ಆರನೇ ನಿಮಿಷಕ್ಕೆ ಡೆಂಟಿಸ್ಟ್ ಆಂಟಿ ಭೂತಗನ್ನಡಿ ಎತ್ತಿಕೊಂಡರು.

"ಏ, ನನ್ನನ್ನ ಯಾರ ಜೊತೆ ಹಾಕಿದ್ಯೇ?"

"ಜಡ್ಜ್ ತಾತನ ಜೊತೆ, ಆಂಟಿ."

"ಸತ್ತವರ ಜೊತೆಗೋ, ಇದ್ದವರ ಜೊತೆಗೋ?"

"ಮೂರು ಜನ ಸತ್ತರು ಆಂಟಿ. ಒಬ್ಬರಾದ ಮೇಲೆ ಒಬ್ಬರು. ನಾಲ್ಕನೆಯವರು ಬದುಕಿದರು."

"ಮೂರು ಜನ?" ಜಡ್ಜ್ ತಾತ ಬಾಗಿದರು. "ಮೂರೂ ಜನ ಊಟದಲ್ಲೇನಾ?"

"ಒಬ್ಬರು ಈಥರ್ ಹೆಚ್ಚಾಗಿ ತಾತ. ನಿದ್ದೆಯಲ್ಲೇ ಹೋದರು."

"ಅದು ಒಳ್ಳೇ ಸಾವು," ಅಂದು ಜಡ್ಜ್ ತಾತ ಸ್ವಲ್ಪ ಸಮಾಧಾನಗೊಂಡರು.

ಮೆಟ್ಟಿಲ ಹತ್ತಿರ ನಿಂತಿದ್ದ ಪಿಟೀಲು ಮೇಡಂ ನಿಧಾನವಾಗಿ ವಾಪಸು ಬಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದು, ಮೊದಲನೇ ಸೀಸೆಗೆ ಕಣ್ಣಿಟ್ಟರು.

"ಇದರಲ್ಲಿ ಇನ್ನೂ ಎಷ್ಟು ಎಣಿಸಬೇಕು ನಿಂಗೆ?"

"ನಲವತ್ತು ಮೇಡಂ. ನಾಳೆ ಹತ್ತು ಗಂಟೆಯೊಳಗೆ."

"ಮತ್ಯಾಕೆ ನಿಂತಿದ್ದೀಯ?"

ಹೀಗೆ ನಮ್ಮ ಕಟ್ಟಡದ ಇತಿಹಾಸದಲ್ಲಿ ಮೊದಲ ಬಾರಿಗೆ ಮೀಟಿಂಗಿನಲ್ಲಿ ಒಂದು ಕೆಲಸ ಆಯಿತು. ನಾನು ನೊಣಗಳನ್ನು ಮಲಗಿಸಿ ತಟ್ಟೆಗೆ ಸುರಿದೆ. ಡೆಂಟಿಸ್ಟ್ ಆಂಟಿ ಕುಂಚ ಹಿಡಿದರು. ಅವರ ಕೈ ಸ್ವಲ್ಪವೂ ಅಲುಗುತ್ತಿರಲಿಲ್ಲ. ಉದ್ದ ರೆಕ್ಕೆಯವು ಪಿಟೀಲು ಮೇಡಂ ಕಡೆಗೆ, ಮೊಟಕು ರೆಕ್ಕೆಯವು ಸೆಕ್ರೆಟರಿಯವರ ಕಡೆಗೆ. ಈಥರಿನ ಸಿಹಿ ವಾಸನೆಗೋ, ಭಾನುವಾರದ ಬಿಸಿಲಿಗೋ, ಎಲ್ಲರ ದನಿಯೂ ಮೆತ್ತಗಾಗುತ್ತ ಬಂತು. ಅಜ್ಜಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

"ನನ್ನ ಕಡೆ ಹನ್ನೆರಡು," ಅಂದರು ಸೆಕ್ರೆಟರಿ, ಎದೆಯುಬ್ಬಿಸಿ. "ಅಪ್ಪನ ಹಾಗೆ ಒಬ್ಬರೂ ಇಲ್ಲ ಅಂತ ಬರೆದಿದ್ದೆಯಲ್ಲ!"

"ಅದು ಮಕ್ಕಳಲ್ಲಿ ಸರ್. ಒಳಗೆ ಅಡಗಿರತ್ತೆ. ಮೊಮ್ಮಕ್ಕಳಲ್ಲಿ ಈಚೆ ಬರತ್ತೆ."

"ಅಡಗಿರತ್ತೆ," ಅಂತ ಅವರು ತಮಗೇ ಹೇಳಿಕೊಂಡರು. ಕೋಟಿನ ತೋಳನ್ನು ಕೆಳಕ್ಕೆಳೆದುಕೊಂಡರು. ಅದು ಮತ್ತೆ ಮೇಲೆ ಹೋಯಿತು.

"ನಂದು ಮೂವತ್ತೊಂದು," ಅಂದರು ಪಿಟೀಲು ಮೇಡಂ. ಹಳೆಯದನ್ನೂ ಕೂಡಿಸಿದೆ. ಉದ್ದ ರೆಕ್ಕೆ ನೂರ ಐವತ್ತೆರಡು, ಮೊಟಕು ಐವತ್ತೊಂದು. ಒಟ್ಟು ಇನ್ನೂರ ಮೂರು. ಬೋರ್ಡಿನ ಮೇಲಿರುವ ಹಾಗೇ ಮೂರಕ್ಕೆ ಒಂದು, ಹೆಚ್ಚುಕಡಿಮೆ.

ಜಡ್ಜ್ ತಾತ ಪುಸ್ತಕವನ್ನು ಹಾಗೇ ಕೊಡಲಿಲ್ಲ. ಅಂದಿನ ಲೆಕ್ಕದ ಕೆಳಗೆ, "ನನ್ನ ಸಮ್ಮುಖದಲ್ಲಿ ಎಣಿಸಲಾಗಿದೆ. ನಾನು ಜೀವಂತವಿದ್ದೇನೆ," ಎಂದು ಬರೆದು ಸಹಿ ಹಾಕಿದರು. ಸೆಕ್ರೆಟರಿ ಹದಿಮೂರನೇ ದಿನದ ಪುಟ ಹುಡುಕಿ, ಅಂಚಿನಲ್ಲಿ "'ಸದ್ಯ' ಎಂಬ ಪದಕ್ಕೆ ನನ್ನ ಆಕ್ಷೇಪಣೆ ಇದೆ" ಅಂತ ದಾಖಲಿಸಿದರು. ಆಮೇಲೆ ಹಣ್ಣಿನ ನೋಟೀಸುಗಳನ್ನು ಗಾಜಿನ ಪೆಟ್ಟಿಗೆಯಿಂದ ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ಸಂಜೆ ನಾನು ಕಟ್ಟಡದವರ ಅಡುಗೆಮನೆಗಳಲ್ಲಿ ನೊಣ ಹಿಡಿಯುವ ಲೋಟಗಳನ್ನು ಇಡುತ್ತ ಮೆಟ್ಟಿಲು ಹತ್ತುವಾಗ, ಅವರು ಒಂದು ಚೀಲ ತುಂಬ ಸೇಬು ಹಿಡಿದು ಮೂವತ್ತೇಳನೇ ಬಾಗಿಲ ಮುಂದೆ ನಿಂತಿದ್ದರು. ಬಾಗಿಲು ತಟ್ಟಲು ಕೈ ಎತ್ತುತ್ತಿದ್ದರು, ಇಳಿಸುತ್ತಿದ್ದರು.

ಸೋಮವಾರ ಹತ್ತು ಗಂಟೆಗೆ ನಾನು ಮೂರು-ಒಂದು ಮೇಡಂ ಅವರ ಕೋಣೆಯಲ್ಲಿ ನಿಂತಿದ್ದೆ. ಅಲ್ಲಿ ಹಗಲಲ್ಲೂ ದೀಪ ಉರಿಯುತ್ತಿತ್ತು. ಪರದೆ ಎಂದಿನ ಹಾಗೆ ಮುಚ್ಚಿತ್ತು. ಮೇಡಂ ಒಂದೊಂದೇ ಪುಟ ಓದಿದರು. ಸೆಕ್ರೆಟರಿ ಹಾಡಿದರು, ಮುಖ ಅಲುಗಲಿಲ್ಲ. ಜಡ್ಜ್ ತಾತ ಸತ್ತರು, ಅಲುಗಲಿಲ್ಲ. ಸಹಿ, ಆಕ್ಷೇಪಣೆ, ನನ್ನ ಕಣ್ಣೀರು ಬಿದ್ದು ಹರಡಿದ ಶಾಯಿ, ಒಂದಕ್ಕೂ ಅಲುಗಲಿಲ್ಲ.

"ಇದೆಲ್ಲ ಏನು?"

"ನಡೆದದ್ದು ಮೇಡಂ. ನಡೆದಾಗಲೇ ಬರೆದದ್ದು."

"ಮೂರನೇ ಜಡ್ಜ್ ಸತ್ತ ದಿನಾಂಕ ಇಲ್ಲ."

"ಮರೆತೆ ಮೇಡಂ."

"ಒಂದು ಮಾರ್ಕ್ ಹೋಯ್ತು." ಕೆಂಪು ಪೆನ್ನಿನಲ್ಲಿ ಹೊದಿಕೆಯ ಮೇಲೆ ಮೂವತ್ತಕ್ಕೆ ಇಪ್ಪತ್ತೆರಡು ಅಂತ ಬರೆದರು. ಹದಿನೈದು ಬಂದರೆ ಪಾಸು. ಪುಸ್ತಕ ಮುಚ್ಚುತ್ತಾರೆ ಅಂದುಕೊಂಡೆ. ಅವರು ಕೊನೆಯ ಪುಟ ತಿರುಗಿಸಿದರು.

ಆಗ ನೆನಪಾಯಿತು, ಪುಟ್ಟ ನಳಿಕೆಯ ಒಂಟಿ ಹೆಣ್ಣಿಗೆ ನಾನಿಟ್ಟ ಹೆಸರು. ತಡವಾಗಿತ್ತು. ಮೇಡಂ ಓದುತ್ತಿದ್ದರು:

"ನಳಿಕೆ. ಹೆಸರು ಮೂರು-ಒಂದು ಮೇಡಂ. ಯಾರನ್ನೂ ಹತ್ತಿರ ಬಿಟ್ಟಿಲ್ಲ. ತಪ್ಪು ಹುಡುಕುವವರ ಹಾಗೆ ಇಡೀ ದಿನ ಗಾಜು ತಡವುತ್ತಾರೆ. ಮೂವತ್ತೆರಡನೇ ದಿನ: ಜೊತೆಯವರಲ್ಲಿ ಎಷ್ಟೋ ಜನ ಹೋದರು, ಇವರಿದ್ದಾರೆ. ಬೆಳಗಿನ ಬಿಸಿಲು ಬಿದ್ದಾಗ ರೆಕ್ಕೆ ಎಲ್ಲರಿಗಿಂತ ಚೆಂದ ಕಾಣುತ್ತದೆ."

ಅವರು ಒಂದು ಸಲ ಓದಿದರು. ಮತ್ತೆ ಮೇಲಿನಿಂದ ಓದಿದರು. ನಾನು ಕೆಂಪು ಪೆನ್ನನ್ನೇ ನೋಡುತ್ತಿದ್ದೆ. ಇಪ್ಪತ್ತೆರಡರ ಮೊದಲ ಎರಡನ್ನು ಹೊಡೆದುಹಾಕಲು ಒಂದು ಗೀಟು ಸಾಕಿತ್ತು.

"ಇನ್ನೂ ಇದ್ದಾರಾ?" ಅಂದರು.

"ಇದ್ದಾರೆ ಮೇಡಂ. ಇವತ್ತಿಗೆ ಮೂವತ್ತೈದು ದಿನ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಊಟ ವಾರಕ್ಕೊಂದ್ ಸಲ ಬದಲಾಯಿಸು. ಕಿಟಕಿ ಹತ್ರಾನೇ ಇಡು," ಅಂದರು. ಪುಸ್ತಕ ಮುಚ್ಚಿ, "ಹೋಗು ಇನ್ನು," ಅಂದರು.

ಬಾಗಿಲವರೆಗೆ ಹೋಗಿ ಹಿಂತಿರುಗಿ ನೋಡಿದೆ. ಮೇಡಂ ಎದ್ದು ನಿಂತಿದ್ದರು. ಆ ದಪ್ಪ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು, ಇಷ್ಟೇ ಇಷ್ಟು, ಪಕ್ಕಕ್ಕೆ ಸರಿಸುತ್ತಿದ್ದರು.